ಕಂಬದ ಬುಡದ ಕಲ್ಲು



ಸಮ್ಮೇಳನದ ಆಶಯ ಭಾಷಣಕ್ಕೆ ಸಾಹಿತಿಗಳನ್ನೋ ಪ್ರಾಧ್ಯಾಪಕರನ್ನೋ ಕರೆಯುವುದು ವಾಡಿಕೆ. ಈ ಸಲ ಸಮಿತಿಯವರು ಒಬ್ಬ ಸಿವಿಲ್ ಎಂಜಿನಿಯರನ್ನು ಹಿಡಿದು ತಂದಿದ್ದಾರೆ. ಈ ವರ್ಷದ ವಿಷಯ ‘ಕಟ್ಟುವುದು, ಉಳಿಸುವುದು’. ನೀವು ದಿನವೂ ಮಾಡುವ ಕೆಲಸ ಅದೇ ಅಲ್ಲವೇ ಎಂದರು. ದಿನವೂ ಕಟ್ಟಿಸುತ್ತೇನೆ, ನಿಜ. ಉಳಿಸುವುದರ ಬಗ್ಗೆ ಏನಾದರೂ ಕಲಿತಿದ್ದರೆ ಅದು ಸೈಟಿನಲ್ಲಲ್ಲ, ಒಂದು ರಜೆಯಲ್ಲಿ. 2018ರ ಆಗಸ್ಟ್‌ನಲ್ಲಿ ನಾನು, ನನ್ನ ಹೆಂಡತಿ, ಮಗಳು ಮತ್ತು ಅಮ್ಮ ಎಂಟು ದಿನ ಕಾಠ್ಮಂಡುವಿನಲ್ಲಿದ್ದೆವು. ಅಲ್ಲಿ ದೊಡ್ಡ ಭೂಕಂಪವಾಗಿ ಆಗ ಮೂರು ವರ್ಷ ನಾಲ್ಕು ತಿಂಗಳಾಗಿತ್ತು. ಆ ಎಂಟು ದಿನಗಳ ವಿಷಯವನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ. ಆದರೆ ಕಥೆ ಶುರುವಾಗುವುದು ಕಾಠ್ಮಂಡುವಿನಲ್ಲಲ್ಲ. ಇಲ್ಲೇ, ದುಬೈಯಲ್ಲಿ, ನಮ್ಮದೇ ಸೈಟಿನಲ್ಲಿ.

2015ರ ಏಪ್ರಿಲ್ 25, ಶನಿವಾರ. ಬೆಳಗ್ಗೆ ಹತ್ತು ದಾಟಿತ್ತು. ಏಳನೇ ಮಹಡಿಯ ಸ್ಲ್ಯಾಬಿಗೆ ಶಟರಿಂಗ್ ನಡೆಯುತ್ತಿತ್ತು. ನಮ್ಮ ಕಾರ್ಪೆಂಟರುಗಳಲ್ಲಿ ಹೆಚ್ಚಿನವರು ನೇಪಾಳದವರು. ಮೊದಲು ಒಬ್ಬನ ಫೋನು, ಆಮೇಲೆ ಇನ್ನೊಬ್ಬನದು, ಸ್ವಲ್ಪ ಹೊತ್ತಿನಲ್ಲಿ ಎಲ್ಲರದೂ. ಸುತ್ತಿಗೆಯ ಸದ್ದು ಒಂದೊಂದೇ ಮೂಲೆಯಿಂದ ನಿಂತುಹೋಯಿತು. ಅಲ್ಲಿನ ಗಡಿಯಾರದಲ್ಲಿ 11 ಗಂಟೆ 56 ನಿಮಿಷಕ್ಕೆ 7.8 ತೀವ್ರತೆಯ ಭೂಕಂಪವಾಗಿತ್ತು. ಕೇಂದ್ರ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಹತ್ತಿರ. ನೇಪಾಳದಲ್ಲಿ ಶನಿವಾರ ವಾರದ ರಜೆ, ಶಾಲೆಗಳು ಮುಚ್ಚಿದ್ದವು. ಹಾಗಾಗಿ ಎಷ್ಟೋ ಮಕ್ಕಳು ಉಳಿದುಕೊಂಡರು. ಆದರೂ ಸತ್ತವರು ಸುಮಾರು 9 ಸಾವಿರ. ನೆಲಸಮವಾದ ಮನೆಗಳು ಸುಮಾರು 5 ಲಕ್ಷ. ಹದಿನೇಳು ದಿನ ಕಳೆದು, ಮೇ 12ಕ್ಕೆ, 7.3 ತೀವ್ರತೆಯ ಇನ್ನೊಂದು ಭೂಕಂಪ.

ನಮ್ಮ ತಂಡದ ಹಿರಿಯ ಕಾರ್ಪೆಂಟರ್ ಒಬ್ಬರಿದ್ದರು. ನೇಪಾಳಿಯಲ್ಲಿ ಅಣ್ಣನಿಗೆ ‘ದಾಯಿ’ ಅನ್ನುತ್ತಾರೆ. ಇಡೀ ಸೈಟು ಅವರನ್ನು ದಾಯಿ ಎಂದೇ ಕರೆಯುತ್ತಿತ್ತು, ನಾನೂ. ಅವರ ಊರು ಕಾಠ್ಮಂಡು ಕಣಿವೆಯ ಬುಂಗಮತಿ, ಮರದ ಕೆತ್ತನೆಗೆ ಹೆಸರಾದ ಊರು. ಅವರ ತಂದೆ ದೇವಸ್ಥಾನದ ಬಾಗಿಲು ಕೆತ್ತುತ್ತಿದ್ದವರು. ಕೆತ್ತನೆಯಲ್ಲಿ ಹೊಟ್ಟೆ ತುಂಬುವುದಿಲ್ಲ ಎಂದು ಮಗ ಇಲ್ಲಿಗೆ ಬಂದು ಪ್ಲೈವುಡ್ಡಿಗೆ ಮೊಳೆ ಹೊಡೆಯುತ್ತಿದ್ದರು. ಶನಿವಾರ ಸಂಜೆಯ ಹೊತ್ತಿಗೆ ಅವರಿಗೆ ಸುದ್ದಿ ಬಂತು. ಮನೆ ಬಿದ್ದಿದೆ, ಅಮ್ಮ ಒಳಗಿದ್ದರು.

ನಮ್ಮ ಸೈಟಿನಲ್ಲಿ ಇಪ್ಪತ್ತಮೂರು ಜನ ರಜೆ ಕೇಳಿದರು. ಕೆಲಸ ಒಪ್ಪಿಸುವ ದಿನ ಹತ್ತಿರವಿತ್ತು, ತಡವಾದರೆ ದಂಡ. ಒಂದು ಸಲಕ್ಕೆ ನಾಲ್ಕೇ ಜನರನ್ನು ಬಿಡಬಹುದು, ಯಾರು ಮೊದಲು ಎಂದು ಸೈಟಿನವರೇ ಪಟ್ಟಿ ಮಾಡಿ ಎಂದು ಮೇಲಿನಿಂದ ಆದೇಶ ಬಂತು. ಪಟ್ಟಿ ಮಾಡಿದ್ದು ನಾನು. ದಾಯಿಯ ಕೈ ಇಲ್ಲದೆ ಆ ಸ್ಲ್ಯಾಬು ಏಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಹಾಗಾಗಿ ಅವರ ಹೆಸರನ್ನು ಕೊನೆಯ ಗುಂಪಿನಲ್ಲಿ ಬರೆದೆ. ಅವರು ಜಗಳ ಮಾಡಲಿಲ್ಲ. ‘ಸರ್, ಹದಿಮೂರನೇ ದಿನದ ಒಳಗೆ ಆಗುತ್ತದಾ?’ ಎಂದು ಒಂದೇ ಸಲ ಕೇಳಿದರು. ನೋಡೋಣ ಎಂದೆ. ಅವರು ವಿಮಾನ ಹತ್ತಿದ್ದು ನಲವತ್ನಾಲ್ಕನೇ ದಿನ. ಅಷ್ಟರಲ್ಲಿ ತಮ್ಮ ಎಲ್ಲ ಕ್ರಿಯೆ ಮುಗಿಸಿದ್ದ. ಇಲ್ಲಿಂದ ಅಲ್ಲಿಗೆ ವಿಮಾನದಲ್ಲಿ ನಾಲ್ಕು ಗಂಟೆಯ ಹಾದಿ, ಬಂಧುಗಳೇ.

ಆಮೇಲೆ ನಾವೆಲ್ಲ ಚಂದಾ ಎತ್ತಿದೆವು, ಕಂಬಳಿ ಕಳಿಸಿದೆವು. ನಾನು ಐನೂರು ದಿರ್ಹಮ್ ಕೊಟ್ಟೆ. ಕೊಟ್ಟು ಸ್ವಲ್ಪ ಹಗುರಾದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಮೂರು ವರ್ಷ ಕಳೆಯಿತು. 2018ರಲ್ಲಿ ಅಮ್ಮ ಮಂಗಳೂರಿನಿಂದ ಬಂದು ನಮ್ಮ ಜೊತೆ ಇದ್ದರು. ಈದ್ ರಜೆಗೆ ನಾಲ್ಕು ದಿನ ಸೇರಿಸಿದರೆ ಎಲ್ಲಿಗಾದರೂ ಹೋಗಬಹುದಿತ್ತು. ಅಮ್ಮನಿಗೆ ಪಶುಪತಿನಾಥನ ದರ್ಶನ ಆಗಬೇಕು, ಮಗಳಿಗೆ ಮಳೆ ನೋಡಬೇಕು. ಆಗಸ್ಟ್‌ನಲ್ಲಿ ನಮ್ಮ ಕೆಂಡದಂಥ ಊರಿನಿಂದ ಹೊರಟವರಿಗೆ ಕಾಠ್ಮಂಡುವಿನ ಮಳೆ ಎಂದರೆ ಸಾಕ್ಷಾತ್ ಆಟಿ ತಿಂಗಳು. ಟಿಕೆಟ್ ತೆಗೆದ ಮೇಲೆ ನನ್ನ ಮನಸ್ಸು ಹಿಂಜರಿಯಿತು. ಜನ ಇನ್ನೂ ತಗಡಿನ ಶೆಡ್ಡಿನಲ್ಲಿದ್ದಾರೆ, ನಾವು ಕ್ಯಾಮೆರಾ ನೇತುಹಾಕಿಕೊಂಡು ನೋಡಲು ಹೋಗುವುದೇ? ಸಾವಿನ ಮನೆಗೆ ಪಿಕ್‌ನಿಕ್ ಹೊರಟ ಹಾಗಲ್ಲವೇ? ದಾಯಿಗೆ ಹೇಳುವುದೋ ಬೇಡವೋ ಎಂದು ಎರಡು ವಾರ ಹೇಳಲೇ ಇಲ್ಲ. ಕೊನೆಗೆ ಹೇಳಿದಾಗ ಅವರ ಮುಖ ಅರಳಿತು. ‘ಹೋಗಿ ಸರ್. ಯಾರೂ ಬರುತ್ತಿಲ್ಲ ಎಂದು ತಮ್ಮ ಹೇಳುತ್ತಾನೆ. ನೀವೇ ಹೋಗದಿದ್ದರೆ ಇನ್ಯಾರು ಹೋಗುತ್ತಾರೆ?’ ಎಂದರು. ಮರುದಿನ ಒಂದು ಪೊಟ್ಟಣ ತಂದುಕೊಟ್ಟರು. ಖರ್ಜೂರ, ತಮ್ಮನ ಮಗನಿಗೆ ಬೂಟು, ಒಂದು ಸೆಟ್ಟು ಉಳಿ.

ಕಾಠ್ಮಂಡುವಿನ ಹಳೆಯ ಅರಮನೆಯ ಚೌಕಕ್ಕೆ ಮೊದಲ ದಿನವೇ ಹೋದೆವು. ಹನುಮಾನ್ ಢೋಕಾ ಅನ್ನುತ್ತಾರೆ. ಫೋಟೋಗಳಲ್ಲಿ ಕಂಡಿದ್ದ ದೇವಸ್ಥಾನಗಳ ಜಾಗದಲ್ಲಿ ಬರೀ ಮೆಟ್ಟಿಲು ಮೆಟ್ಟಿಲಾಗಿ ಏರುವ ಜಗಲಿಗಳು ನಿಂತಿದ್ದವು, ಮೇಲೆ ಏನೂ ಇಲ್ಲ. ಅರಮನೆಯ ಒಂಬತ್ತು ಅಂತಸ್ತಿನ ಗೋಪುರದ ಸುತ್ತ ಅಟ್ಟಣಿಗೆ ಕಟ್ಟಿದ್ದರು. ಹಳೆಯ ಮನೆಗಳ ಗೋಡೆಗಳಿಗೆ ಓರೆಯಾಗಿ ಮರದ ಊರೆ ಕೊಟ್ಟಿದ್ದರು. ಬೀದಿಯಲ್ಲಿ ನಡೆಯುವಾಗ ಆ ತೊಲೆಗಳ ಕೆಳಗೆ ತಲೆ ಬಗ್ಗಿಸಿಯೇ ಹೋಗಬೇಕು. ಆ ಊರೆಯ ಸಂದಿಯಲ್ಲೇ ಒಬ್ಬಾಕೆ ಹೂವು ಮಾರುತ್ತಿದ್ದಳು, ಪಕ್ಕದಲ್ಲಿ ಒಬ್ಬ ಸೈಕಲ್ ಒರಗಿಸಿದ್ದ. ನಾನು ಎಂಜಿನಿಯರಿನ ಕಣ್ಣಿನಲ್ಲಿ ಬಿರುಕು ಲೆಕ್ಕ ಹಾಕುತ್ತಿದ್ದೆ. ಅಮ್ಮ ಮಾಡು ನೋಡುತ್ತಿದ್ದರು. ‘ಇದು ನಮ್ಮ ಮೂಡುಬಿದಿರೆ ಬಸದಿಯ ಹಾಗೇ ಉಂಟಲ್ಲ ಮಾರಾಯ’ ಎಂದರು. ಒಂದರ ಮೇಲೊಂದು ಇಳಿಜಾರು ಮಾಡು, ಕೆಳಗೆ ಕೆತ್ತಿದ ಮರದ ಆಸರೆ. ಹೋಲಿಕೆ ಅಮ್ಮ ಒಬ್ಬರಿಗೇ ಹೊಳೆದದ್ದಲ್ಲ, ಹತ್ತೊಂಬತ್ತನೇ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಕೂಡ ಅದನ್ನೇ ಬರೆದಿದ್ದಾನೆ. ಮಳೆ ಜೋರಾಗಿ ಸುರಿಯುವ ಎರಡು ಊರುಗಳು ತಮ್ಮ ಪಾಡಿಗೆ ಕಂಡುಕೊಂಡ ಒಂದೇ ಉತ್ತರ ಅದು ಎಂದು ನನಗನ್ನಿಸಿತು.

ಆ ಚೌಕದ ಹತ್ತಿರವೇ ಒಂದು ಬೇಲಿ ಹಾಕಿದ ಖಾಲಿ ಜಾಗ. ಕಾಷ್ಠಮಂಡಪ ಅಲ್ಲಿತ್ತು. ಒಂದೇ ಮರದಿಂದ ಕಟ್ಟಿದ್ದು ಎಂದು ಐತಿಹ್ಯ. ಕಾಠ್ಮಂಡು ಎಂಬ ಹೆಸರು ಬಂದದ್ದೇ ಅದರಿಂದ. ಭೂಕಂಪದ ದಿನ ಅದರೊಳಗೆ ರಕ್ತದಾನ ಶಿಬಿರ ನಡೆಯುತ್ತಿತ್ತು. ರಕ್ತ ಕೊಡಲು ಬಂದವರ ಮೇಲೆ ಮಂಡಪ ಕುಸಿಯಿತು. ಆ ಬೇಲಿಯ ವಿಷಯಕ್ಕೆ ಆಮೇಲೆ ಮತ್ತೆ ಬರುತ್ತೇನೆ, ಇವತ್ತಿನ ಮಾತಿನ ತಿರುಳು ಅಲ್ಲಿದೆ.

ನಾವು ಉಳಿದುಕೊಂಡಿದ್ದು ಒಂದು ಪುಟ್ಟ ವಸತಿಗೃಹ, ಮನೆಯವರೇ ನಡೆಸುವಂಥದ್ದು. ಎರಡನೇ ದಿನ ತಿಂಡಿಯ ಹೊತ್ತಿಗೆ ಯಜಮಾನರ ಬಳಿ ನನ್ನ ಸಂಕೋಚ ಹೇಳಿಕೊಂಡೆ. ಅವರು ನಕ್ಕು ಹೇಳಿದ್ದು ನನಗೆ ಹಾಗೇ ನೆನಪಿದೆ. ಭೂಕಂಪ ಆದ ವಾರ ಬಂದಿದ್ದರೆ ನೀವು ಹೊರೆ. ನಿಮಗೆ ಕೊಡುವ ನೀರು ಇನ್ನೊಬ್ಬರದು ಆಗುತ್ತಿತ್ತು. ಈಗ ಬರದಿದ್ದರೆ ಅದು ನಮಗೆ ಎರಡನೇ ಪೆಟ್ಟು. ಆ ವರ್ಷ ಏಳು ಕೋಣೆಯಲ್ಲಿ ಆರು ಖಾಲಿ ಇದ್ದವು, ಆದರೂ ಕೆಲಸದ ಹುಡುಗನನ್ನು ಕಳಿಸಲಿಲ್ಲ. ನೀವು ಕೋಣೆ ಹಿಡಿದರೆ ಅವನು ದುಬೈಗೆ ಹೋಗುವುದಿಲ್ಲ, ಇಲ್ಲೇ ಇರುತ್ತಾನೆ.

ಕೊನೆಯ ಆ ಮಾತು ನನಗೆ ತಾಗಿತು. ಗಾಯಗೊಂಡ ಊರಿಗೆ ರಜೆಗೆ ಹೋಗಬಹುದೇ ಎಂದು ನಾನು ಕೇಳುತ್ತಿದ್ದೆ. ಹೋದವನು ಅಲ್ಲಿ ಏನು ಮಾಡುತ್ತಾನೆ, ಯಾರ ಕೈಗೆ ದುಡ್ಡು ಕೊಡುತ್ತಾನೆ ಎಂದು ಅವರು ಕೇಳುತ್ತಿದ್ದರು.

ಅದಕ್ಕೆ ಉತ್ತರ ನಾವು ಕಂಡದ್ದು ಭಕ್ತಪುರದಲ್ಲಿ. ಕಾಠ್ಮಂಡುವಿನಿಂದ ಪೂರ್ವಕ್ಕೆ ಒಂದು ಗಂಟೆಯೊಳಗಿನ ದಾರಿ. ಊರೊಳಗೆ ಹೋಗಲು ಹೊರಗಿನವರು ಶುಲ್ಕ ಕೊಡಬೇಕು. ನಮ್ಮ ಕಡೆಯವರಿಗೆ ಬೇರೆ ವಿದೇಶಿಯರಿಗಿಂತ ಕಡಿಮೆ. ಬೀದಿಯಲ್ಲಿ ಓಡಾಡುವುದಕ್ಕೆ ಟಿಕೆಟ್ಟೇ ಎಂದು ನನ್ನ ಹೆಂಡತಿ ಮೊದಲು ಮುಖ ಸಿಂಡರಿಸಿದ್ದಳು. ಆ ಹಣ ನಗರಪಾಲಿಕೆಗೆ ಹೋಗುತ್ತದೆ, ಬಿದ್ದ ಗುಡಿಗಳನ್ನು ಎತ್ತುವುದಕ್ಕೆ ಬಳಕೆಯಾಗುತ್ತದೆ ಎಂದು ತಿಳಿದ ಮೇಲೆ ಆಕೆಯೇ ಟಿಕೆಟನ್ನು ಜೋಪಾನವಾಗಿ ಪರ್ಸಿನಲ್ಲಿಟ್ಟುಕೊಂಡಳು. ಭಕ್ತಪುರದವರು ಸ್ವಾಭಿಮಾನಿಗಳು. ಜರ್ಮನಿಯಿಂದ ಬರಲಿದ್ದ ದೊಡ್ಡ ಮೊತ್ತದ ನೆರವನ್ನು, ಅದರ ಷರತ್ತುಗಳು ಹೊಂದಲಿಲ್ಲವೆಂದು ಬೇಡ ಎಂದವರು. ಹೊರಗಿನ ಗುತ್ತಿಗೆದಾರರಿಗೆ ವಹಿಸುವ ಬದಲು ಆಯಾ ಕೇರಿಯ ಜನರೇ ಸಮಿತಿ ಮಾಡಿಕೊಂಡು, ತಮ್ಮ ಕೇರಿಯ ಬಡಗಿ, ಗಾರೆಯವರನ್ನು ಇಟ್ಟುಕೊಂಡು ಕಟ್ಟುವುದು ಅಲ್ಲಿನ ಕ್ರಮ.

ಅಲ್ಲಿ 1702ರಲ್ಲಿ ರಾಜ ಭೂಪತೀಂದ್ರ ಮಲ್ಲ ಕಟ್ಟಿಸಿದ ನ್ಯಾತಪೋಲ ಎಂಬ ಐದು ಮಾಡಿನ ದೇವಾಲಯ ಇದೆ. 1934ರ ಜನವರಿ 15ರ ಮಹಾ ಭೂಕಂಪದಲ್ಲೂ ನಿಂತಿತ್ತು, 2015ರಲ್ಲೂ ನಿಂತಿತು. ಅದರಿಂದ ಸ್ವಲ್ಪ ದೂರದಲ್ಲಿದ್ದ ವತ್ಸಲಾ ದೇವಿಯ ಕಲ್ಲಿನ ಗುಡಿ ಪುಡಿಪುಡಿಯಾಗಿತ್ತು. ಮಳೆಗೆ ನೀಲಿ ಪ್ಲಾಸ್ಟಿಕ್ ಕಟ್ಟಿ ಅದರ ಕೆಳಗೆ ಬಡಗಿಗಳು ಕೆಲಸ ಮಾಡುತ್ತಿದ್ದ ಒಂದು ಜಾಗದಲ್ಲಿ ನಾನು ಅರ್ಧ ದಿನ ನಿಂತುಬಿಟ್ಟೆ. ಮೊಳೆ ಇಲ್ಲ. ಮರಕ್ಕೆ ಮರವನ್ನೇ ಗೂಟ ಹೊಡೆದು ಕೂಡಿಸುತ್ತಾರೆ. ನೆಲ ಅಲುಗಿದಾಗ ಆ ಕೀಲು ಸ್ವಲ್ಪ ಆಡುತ್ತದೆ, ಆಡಿದ್ದರಿಂದಲೇ ಮುರಿಯುವುದಿಲ್ಲ. ಇಟ್ಟಿಗೆಗೆ ಮಣ್ಣಿನ ಗಾರೆ. ಕೆಲವು ಕಡೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ, ನಮ್ಮಲ್ಲೂ ಹಿಂದೆ ಇದ್ದದ್ದೇ. ಬಿದ್ದ ತೊಲೆಗಳಲ್ಲಿ ಗಟ್ಟಿ ಇರುವುದನ್ನು ಆರಿಸಿ, ಕೊಳೆತ ತುದಿ ಕೊಯ್ದು, ಹೊಸ ತುಂಡು ಜೋಡಿಸಿ ಮತ್ತೆ ಅದೇ ಜಾಗಕ್ಕೆ ಕೊಡುತ್ತಾರೆ. ಒಬ್ಬ ಮುದುಕರು ಕೆತ್ತುತ್ತಿದ್ದರು, ಇಬ್ಬರು ಹುಡುಗರು ನೋಡುತ್ತಿದ್ದರು. ಇನ್ನೂ ನಾಲ್ಕು ಜನ ಬೇಕು, ಸಿಗುತ್ತಿಲ್ಲ ಎಂದರು ಮುದುಕರು. ಎಲ್ಲಿ ಹೋದರು ಎಂದೆ. ಕೊಲ್ಲಿ ದೇಶಗಳ ಹೆಸರು ಒಂದೊಂದೇ ಹೇಳಿದರು. ನಾನು ಎಲ್ಲಿಂದ ಬಂದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾಲ್ಕನೇ ದಿನ ಪಶುಪತಿನಾಥ. ಸುತ್ತಮುತ್ತ ಎಷ್ಟೋ ಕಟ್ಟಡ ಬಿರುಕು ಬಿಟ್ಟರೂ ಮುಖ್ಯ ದೇವಾಲಯ ಭೂಕಂಪದಲ್ಲಿ ಉಳಿಯಿತು. ಆದರೆ ಪಕ್ಕದ ಬಾಗ್ಮತಿ ದಂಡೆಯ ಆರ್ಯಘಾಟಿನಲ್ಲಿ ದಿನಗಟ್ಟಲೆ ಚಿತೆಗಳು ಆರಲಿಲ್ಲ. ಅಲ್ಲಿನ ಪೂಜಾ ಭಟ್ಟರು ತಲೆತಲಾಂತರದಿಂದ ದಕ್ಷಿಣದವರು, ಅದರಲ್ಲೂ ಕರ್ನಾಟಕದವರು ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅಮ್ಮ ದರ್ಶನ ಮುಗಿಸಿ ಕಣ್ಣೊರೆಸಿಕೊಂಡು ಹೊರಗೆ ಬಂದು ಕೂತರು. ನನ್ನ ಫೋನು ಆಗ ಕಟಕಟ ಅನ್ನುತ್ತಲೇ ಇತ್ತು. ಅದರ ಹಿಂದಿನ ವಾರ ಕೊಡಗಿನಲ್ಲಿ ಗುಡ್ಡಗಳು ಜಾರಿದ್ದವು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ. ಮಂಗಳೂರು–ಮಡಿಕೇರಿ ರಸ್ತೆ ಕೆಸರಾಗಿ ಹರಿದುಹೋದ ಚಿತ್ರಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಸುಳ್ಯದಲ್ಲಿರುವ ನನ್ನ ಚಿಕ್ಕಮ್ಮನ ಮನೆಯವರು ನೆಂಟರನ್ನು ಹುಡುಕುತ್ತಿದ್ದರು. ನಾನಿದ್ದದ್ದು ಒಂದು ಮುರಿದ ಊರಿನಲ್ಲಿ, ನೋಡುತ್ತಿದ್ದದ್ದು ಇನ್ನೊಂದು ಊರು ಮುರಿಯುವುದನ್ನು. ಹತ್ತಿರ ಇಲ್ಲದೆ ದೂರದಿಂದ ಫೋನಿನ ಪರದೆ ಉಜ್ಜುತ್ತಾ ಕೂರುವುದು ಎಂದರೆ ಏನು ಎಂದು ಆವತ್ತು ನನ್ನ ಮೈಗೆ ಗೊತ್ತಾಯಿತು. ನಮ್ಮ ನೆಂಟರು ಸಂಜೆಗೆ ಸಿಕ್ಕರು. ಆ ಐದಾರು ಗಂಟೆ ನನಗೆ ದಾಯಿಯ ಮುಖವೇ ಕಣ್ಣ ಮುಂದೆ. ಅವರು ನಲವತ್ನಾಲ್ಕು ದಿನ ಹಾಗೆ ಕೂತಿದ್ದರು. ಕೂತೂ ಇರಲಿಲ್ಲ, ನನ್ನ ಸ್ಲ್ಯಾಬಿಗೆ ಮೊಳೆ ಹೊಡೆಯುತ್ತಿದ್ದರು.

ಮರುದಿನ ಬುಂಗಮತಿಗೆ ಹೋದೆವು. ಪಾಟಣದಿಂದ ದಕ್ಷಿಣಕ್ಕೆ ಸ್ವಲ್ಪ ದೂರ, ಗದ್ದೆಗಳ ನಡುವೆ ದಿಬ್ಬದ ಮೇಲಿನ ಊರು. ಅಲ್ಲಿನ ದೇವರು ರಾತೋ ಮಚ್ಛೀಂದ್ರನಾಥ, ಮಳೆ ಕೊಡುವವನು. ವರ್ಷದಲ್ಲಿ ಆರು ತಿಂಗಳು ಪಾಟಣದಲ್ಲಿ, ಆರು ತಿಂಗಳು ಇಲ್ಲಿ. ಬೌದ್ಧರಿಗೆ ಅವನೇ ಲೋಕೇಶ್ವರ. ಇದನ್ನು ಕೇಳುತ್ತಲೇ ಅಮ್ಮ ‘ಮಚ್ಛೇಂದ್ರನಾಥ ನಮ್ಮ ಕದ್ರಿಯಲ್ಲೂ ಇದ್ದಾನಲ್ಲ’ ಎಂದು ಎದ್ದು ನಿಂತರು. ನಿಜ. ಕದ್ರಿ ಮಂಜುನಾಥನ ಗುಡಿಯಲ್ಲಿ ಕ್ರಿಸ್ತಶಕ 968ರ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿ ಇದೆ, ಮೇಲೆ ಗುಡ್ಡದಲ್ಲಿ ನಾಥಪಂಥದ ಜೋಗಿ ಮಠ ಇದೆ. ಹನ್ನೆರಡು ವರ್ಷಕ್ಕೊಮ್ಮೆ ಜೋಗಿಗಳು ನಡೆದುಕೊಂಡು ಬಂದು ಹೊಸ ಅರಸನನ್ನು ಕೂರಿಸುತ್ತಾರೆ. ಬುಂಗಮತಿಯಲ್ಲೂ ಹನ್ನೆರಡು ವರ್ಷಕ್ಕೊಮ್ಮೆ ದೊಡ್ಡ ರಥ ಆ ಊರಿನಿಂದಲೇ ಪಾಟಣಕ್ಕೆ ಹೊರಡುತ್ತದೆ. 2015 ಅಂಥ ವರ್ಷ. ರಥ ದಾರಿಯಲ್ಲಿರುವಾಗಲೇ ಭೂಮಿ ನಡುಗಿತು. ರಥ ನಡುದಾರಿಯಲ್ಲಿ ನಿಂತಿತು, ಅತ್ತ ಊರಿನ ಗುಡಿ ಪೂರ್ತಿ ಕುಸಿಯಿತು. ದೇವರು ರಥದಲ್ಲಿದ್ದ, ಮನೆಯಲ್ಲಿರಲಿಲ್ಲ. ತಿಂಗಳುಗಳ ನಂತರ ಜನ ಮತ್ತೆ ಹಗ್ಗ ಹಿಡಿದು ಆ ರಥವನ್ನು ಎಳೆದರು.

ದಾಯಿಯ ತಮ್ಮ ಊರ ಬಾಗಿಲಲ್ಲೇ ಕಾದಿದ್ದರು. ಮನೆ ಇದ್ದ ಜಾಗದಲ್ಲಿ ಕಬ್ಬಿಣದ ಸರಳು ಮೇಲೆದ್ದ ಕಾಂಕ್ರೀಟ್ ಕಂಬಗಳು, ಒಂದು ಮಹಡಿ ಮುಗಿದಿತ್ತು. ಸರ್ಕಾರ ಮನೆಗೆ 3 ಲಕ್ಷ ನೇಪಾಳಿ ರೂಪಾಯಿ ಮೂರು ಕಂತಿನಲ್ಲಿ ಕೊಡುತ್ತಿತ್ತು. ಮೊದಲು 50 ಸಾವಿರ, ಅಡಿಪಾಯ ಆದ ಮೇಲೆ ಎಂಜಿನಿಯರ್ ಬಂದು ಒಪ್ಪಿದರೆ ಒಂದೂವರೆ ಲಕ್ಷ, ಆಮೇಲೆ ಉಳಿದದ್ದು. ನಮ್ಮ ಲೆಕ್ಕದಲ್ಲಿ ಎಲ್ಲ ಸೇರಿ 2 ಲಕ್ಷಕ್ಕಿಂತ ಕಡಿಮೆ. ಮಿಕ್ಕಿದ್ದೆಲ್ಲ ದಾಯಿಯ ಓವರ್‌ಟೈಮ್. ಆ ಗೋಡೆ ಮುಟ್ಟಿದಾಗ ನನಗೆ ತಿಳಿಯಿತು: ನಮ್ಮ ಏಳನೇ ಮಹಡಿ ಏಳುವುದು ತಡವಾಗಿದ್ದರೆ ನಮಗೆ ದಂಡ ಬೀಳುತ್ತಿತ್ತು, ದಾಯಿ ಇಲ್ಲಿ ಇಲ್ಲದ್ದಕ್ಕೆ ಬಿದ್ದ ದಂಡವನ್ನು ಈ ಮನೆಯವರು ಕಟ್ಟಿದ್ದರು.

ಹೊಸ ಗೋಡೆಯ ಮೇಲೆ ಒಂದು ಫೋಟೋ ತೂಗುಹಾಕಿದ್ದರು. ಏಳೆಂಟು ವರ್ಷದ ಹುಡುಗ, ತಲೆಗೆ ಹಸುವಿನ ಮುಖದ ಕಾಗದ ಕಟ್ಟಿಕೊಂಡು, ಮೀಸೆ ಬರೆಸಿಕೊಂಡು ನಿಂತಿದ್ದಾನೆ. ಗಾಯಿ ಜಾತ್ರೆ ಎಂದರು ತಮ್ಮ. ಆ ವರ್ಷದಲ್ಲಿ ಯಾರ ಮನೆಯಲ್ಲಿ ಸಾವಾಗಿದೆಯೋ ಅವರೆಲ್ಲ ಹಸುವನ್ನೋ, ಹಸುವಿನ ವೇಷದ ಮಗುವನ್ನೋ ಊರ ಬೀದಿಯಲ್ಲಿ ನಡೆಸುತ್ತಾರೆ. ಸತ್ತವರಿಗೆ ದಾರಿ ತೋರಿಸುವುದಕ್ಕೆ. 2015ರ ಆಗಸ್ಟ್‌ನಲ್ಲಿ ಅಜ್ಜಿಗಾಗಿ ಈ ಹುಡುಗ ನಡೆದಿದ್ದ. ‘ಅಣ್ಣ ಆಗ ವಾಪಸ್ ಹೋಗಿಯಾಗಿತ್ತು. ರಜೆ ಮುಗಿದಿತ್ತು’ ಎಂದರು. ದೂರುವ ದನಿಯಲ್ಲಲ್ಲ, ಹವಾಮಾನ ಹೇಳುವ ದನಿಯಲ್ಲಿ. ಆ ಪಟ್ಟಿ ಮಾಡಿದ್ದು ನಾನು ಎಂದು ಅಲ್ಲೇ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ‘ಅಣ್ಣ ಹೇಳಿದ್ದಾನೆ’ ಎಂದರು. ಆಮೇಲೆ ಒಳಗೆ ಹೋಗಿ ಚಹಾ ತಂದರು. ಹುಡುಗ ಹೊಸ ಬೂಟು ಹಾಕಿಕೊಂಡು ನನ್ನ ಮಗಳ ಜೊತೆ ಮಳೆಯಲ್ಲಿ ಓಡುತ್ತಿದ್ದ. ಕ್ಷಮೆ ಸಿಕ್ಕಿತು ಎಂದು ನಾನು ಹೇಳುವುದಿಲ್ಲ. ಚಹಾ ಸಿಕ್ಕಿತು.

ಹೊರಡುವ ಹಿಂದಿನ ದಿನ, ಆಗಸ್ಟ್ 27, ಗಾಯಿ ಜಾತ್ರೆ. ಭಕ್ತಪುರಕ್ಕೆ ಮತ್ತೆ ಹೋದೆವು. ಅಲ್ಲಿ ಎತ್ತರದ ಬಿದಿರಿನ ಚೌಕಟ್ಟಿಗೆ ಬಟ್ಟೆ ಸುತ್ತಿ, ಸತ್ತವರ ಫೋಟೋ ಕಟ್ಟಿ, ಹೆಗಲ ಮೇಲೆ ಹೊತ್ತು ತರುತ್ತಾರೆ. ಮುಂದೆ ಡೋಲು, ಕೋಲಾಟ, ವೇಷ, ನಗು. ಅಳು ಇಲ್ಲವೆಂದಲ್ಲ, ಅಳುವವರ ಪಕ್ಕದಲ್ಲೇ ಕುಣಿಯುವವರು. ಸಾವು ನಿಮ್ಮೊಬ್ಬರ ಮನೆಗೆ ಬಂದದ್ದಲ್ಲ, ನೋಡಿ ಎಷ್ಟು ಮನೆಗೆ ಬಂದಿದೆ ಎಂದು ಊರು ಊರಿಗೇ ತೋರಿಸುತ್ತದೆ. ರಾಜ ಪ್ರತಾಪ ಮಲ್ಲ ಮಗನನ್ನು ಕಳೆದುಕೊಂಡ ರಾಣಿಯನ್ನು ಸಮಾಧಾನ ಮಾಡುವುದಕ್ಕೆ ಇದಕ್ಕೆ ಈ ರೂಪ ಕೊಟ್ಟ ಎಂದು ಕಥೆ. ನನ್ನ ಮಗಳು ಫೋಟೋ ತೆಗೆಯಲು ಫೋನು ಎತ್ತಿದವಳು ತಾನೇ ಕೆಳಗಿಳಿಸಿದಳು. ಯಾಕೆ ಎಂದು ನಾನು ಕೇಳಲಿಲ್ಲ.

ಈಗ ಕಾಷ್ಠಮಂಡಪದ ಬೇಲಿಗೆ ಮರಳುತ್ತೇನೆ. ಭೂಕಂಪದ ನಂತರ ಪುರಾತತ್ವ ತಜ್ಞರು ಅಲ್ಲಿ ಅಗೆದು ನೋಡಿದರು. ನೇಪಾಳದ ಪುರಾತತ್ವ ಇಲಾಖೆ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದವರು ಕೂಡಿ ಮಾಡಿದ ಕೆಲಸ. ಹಳೆಯ ಅಡಿಪಾಯ ದುರ್ಬಲವಾಗಿತ್ತು, ಹಾಗಾಗಿ ಬಿತ್ತು ಎಂದು ಎಲ್ಲರೂ ಊಹಿಸಿದ್ದರು. ಸಿಕ್ಕಿದ್ದು ಅದರ ತದ್ವಿರುದ್ಧ. ಅಡಿಪಾಯ ಏಳನೇ ಶತಮಾನದಷ್ಟು ಹಿಂದಿನದು, ಗಟ್ಟಿಮುಟ್ಟಾಗಿತ್ತು. ಮಂಡಪವನ್ನು ಹೊರುವುದು ನಾಲ್ಕು ದೈತ್ಯ ಮರದ ಕಂಬಗಳು. ಪ್ರತಿಯೊಂದಕ್ಕೂ ಬುಡದಲ್ಲಿ ಒಂದು ಕಲ್ಲು. ಕಂಬ ಅದರಲ್ಲಿ ಕಚ್ಚಿ ಕೂರಬೇಕು. ನಾಲ್ಕರಲ್ಲಿ ಒಂದು ಕಂಬ ತನ್ನ ಕಲ್ಲಿನ ಮೇಲೆ ಇರಲೇ ಇಲ್ಲ. ಕಲ್ಲು ನೆಲದಡಿಯಲ್ಲಿ ಹಾಗೇ ಇತ್ತು. 1960ರ ದಶಕದಲ್ಲಿ ಮಾಡಿದ ದುರಸ್ತಿಯಲ್ಲಿ ಅದು ತಪ್ಪಿಹೋಗಿತ್ತು. ಅರ್ಧ ಶತಮಾನ ಯಾರಿಗೂ ಗೊತ್ತಾಗಲಿಲ್ಲ. ಮಂಡಪ ನೋಡಲು ಚೆನ್ನಾಗಿಯೇ ಇತ್ತು. ನೆಲ ನಡುಗಿದ ದಿನ ಗೊತ್ತಾಯಿತು.

ಇದನ್ನು ಓದಿದಾಗ ನನಗೆ ನನ್ನ ಪಟ್ಟಿ ನೆನಪಾಯಿತು. ದುಬೈಯ ನಮ್ಮ ಕಟ್ಟಡಗಳು ಬಹಳ ಚೆನ್ನಾಗಿವೆ. ಅವು ಯಾರ ಮೇಲೆ ನಿಂತಿವೆಯೋ ಆ ಮನುಷ್ಯನ ಬುಡದಲ್ಲಿ ಕಲ್ಲಿದೆಯೇ ಎಂದು ನಾನು ನೋಡಿರಲಿಲ್ಲ. ಅವನಿಗೆ ಒಂದು ಊರಿದೆ, ಅಲ್ಲಿ ಒಂದು ಹದಿಮೂರನೇ ದಿನ ಇದೆ, ಆ ದಿನ ಅವನು ಅಲ್ಲಿರಬೇಕು. ಆ ಕಲ್ಲನ್ನು ಕಿತ್ತು ಕಂಬ ನಿಲ್ಲಿಸಿದರೂ ಕಂಬ ನಿಲ್ಲುತ್ತದೆ. ದಿನ ಸರಿ ಇರುವವರೆಗೆ.

ಕಾಷ್ಠಮಂಡಪವನ್ನು ಮತ್ತೆ ಕಟ್ಟಿದ್ದಾರೆ. 2022ರಲ್ಲಿ ಕೆಲಸ ಮುಗಿಯಿತು. ಆ ಕಣಿವೆ ಶತಮಾನಕ್ಕೊಮ್ಮೆಯಾದರೂ ಹೀಗೆ ಬೀಳುತ್ತದೆ, ಏಳುತ್ತದೆ. ಮುನ್ನೂರು ವರ್ಷದ ಗುಡಿ ಎಂದು ನಾವು ಫೋಟೋ ತೆಗೆಯುವ ಎಷ್ಟೋ ಗುಡಿಗಳನ್ನು 1934ರ ನಂತರ ಎತ್ತಿ ನಿಲ್ಲಿಸಿದ್ದು. ಆ ಊರು ಉಳಿದಿರುವುದು ಬೀಳದೆ ಇದ್ದುದರಿಂದಲ್ಲ. ಎತ್ತುವುದು ಗೊತ್ತಿರುವ ಕೈ ಪ್ರತಿ ತಲೆಮಾರಿನಲ್ಲೂ ಊರಿನಲ್ಲಿ ಇದ್ದುದರಿಂದ. ಈಗ ಆ ಕೈಗಳು ಎಲ್ಲಿವೆ ಎಂದರೆ, ಅವುಗಳಲ್ಲಿ ಎಷ್ಟೋ ಇಲ್ಲಿವೆ, ನಮ್ಮ ಕೈ ಕೆಳಗೆ. ನಮ್ಮ ಕರಾವಳಿಯ, ಕಲ್ಬುರ್ಗಿಯ, ಬೀದರಿನ ಎಷ್ಟೋ ಕೈಗಳೂ ಹೀಗೇ ಇಲ್ಲಿವೆ.

ದಾಯಿ 2019ರಲ್ಲಿ ವೀಸಾ ರದ್ದು ಮಾಡಿಸಿಕೊಂಡು ಊರಿಗೆ ಹೋದರು. ಈಗ ಗುಡಿಗಳ ಮಾಡಿನ ಆಸರೆ ಕೆತ್ತುತ್ತಾರೆ. ಇಲ್ಲಿಯ ಸಂಬಳದ ಅರ್ಧವೂ ಸಿಗುವುದಿಲ್ಲ ಎಂದು ಪ್ರತಿ ಸಲವೂ ಹೇಳುತ್ತಾರೆ. ಹನ್ನೊಂದು ವರ್ಷ ಮೊಳೆ ಹೊಡೆದ ಕೈ ಉಳಿಗೆ ಹೊಂದಲು ಒಂದು ವರ್ಷ ಹಿಡಿಯಿತಂತೆ. ಸುಖಾಂತ ಎಂದು ಇದನ್ನು ಹೇಳುತ್ತಿಲ್ಲ. ತಮ್ಮ ಈಗ ಕತಾರಿನಲ್ಲಿದ್ದಾರೆ.

2023ರ ನವೆಂಬರ್ 3ರ ರಾತ್ರಿ ಪಶ್ಚಿಮ ನೇಪಾಳದ ಜಾಜರ್‌ಕೋಟ್‌ನಲ್ಲಿ ಮತ್ತೆ ಭೂಕಂಪವಾಯಿತು. ಸತ್ತವರ ಸಂಖ್ಯೆ 150 ದಾಟಿತು. ನಮ್ಮ ಸೈಟಿನಲ್ಲಿ ಆ ಕಡೆಯ ಇಬ್ಬರಿದ್ದರು. ಮರುದಿನ ಸಂಜೆಯ ವಿಮಾನಕ್ಕೆ ಇಬ್ಬರೂ ಹತ್ತಿದರು. ಅದಕ್ಕೆ ಯಾರ ಔದಾರ್ಯವೂ ಬೇಕಾಗಲಿಲ್ಲ. 2018ರಿಂದ ನನ್ನ ಮೇಜಿನಲ್ಲಿ ಒಂದು ಹಾಳೆ ಇದೆ. ಯಾರು ಇದ್ದಕ್ಕಿದ್ದಂತೆ ಹೊರಡಬೇಕಾದರೆ ಅವರ ಕೆಲಸ ಯಾರು ನೋಡುತ್ತಾರೆ ಎಂದು ಮೊದಲೇ ಬರೆದಿಟ್ಟದ್ದು. ಸ್ಲ್ಯಾಬು ಎರಡು ದಿನ ತಡವಾಯಿತು. ಆಕಾಶ ಬೀಳಲಿಲ್ಲ.

ಹಾಗಾಗಿ ಸಂಘದ ಮುಂದೆ ನನ್ನ ಬೇಡಿಕೆ ಎರಡೇ. ಒಂದು, ಈ ಸಭೆಯಲ್ಲಿ ಯಾರ ಕೈ ಕೆಳಗೆ ಹತ್ತು ಜನ ದುಡಿಯುತ್ತಾರೋ ಅವರೆಲ್ಲ ಈ ವಾರ ಅಂಥ ಒಂದು ಹಾಳೆ ಬರೆಯಿರಿ. ಎರಡು, ನಮ್ಮ ವಾರ್ಷಿಕ ಲೆಕ್ಕದಲ್ಲಿ ಹತ್ತು ತುರ್ತು ಟಿಕೆಟ್ಟಿನ ಹಣ ಎತ್ತಿಡೋಣ. ಯಾವ ಭಾಷೆಯವರು ಎಂದು ಕೇಳದೆ, ಊರಿನಿಂದ ಕೆಟ್ಟ ಸುದ್ದಿ ಬಂದವರಿಗೆ. ಸಮ್ಮೇಳನದ ಊಟದಲ್ಲಿ ಒಂದು ಸಿಹಿ ಕಡಿಮೆ ಮಾಡಿದರೆ ಸಾಕಾದೀತು. ಮತ್ತೆ, ಕೊಡಗಿಗೆ ಈಗ ಹೋಗಬಹುದಾ, ನೇಪಾಳಕ್ಕೆ ಈಗ ಹೋಗಬಹುದಾ ಎಂದು ನನ್ನನ್ನು ಕೇಳುವವರಿಗೆ ಉತ್ತರ: ಮೊದಲ ವಾರ ಹೋಗಬೇಡಿ, ಮೂರನೇ ವರ್ಷ ಮರೆಯಬೇಡಿ. ಮನೆಯವರು ನಡೆಸುವ ಜಾಗದಲ್ಲಿ ಉಳಿಯಿರಿ, ಕೇಳಿದ ಶುಲ್ಕ ಕೊಡಿ, ಕ್ಯಾಮೆರಾ ಎತ್ತುವ ಮೊದಲು ಕೇಳಿ. ಚಹಾ ಕೊಟ್ಟರೆ ಕೂತು ಕುಡಿಯಿರಿ.